ಮೊದಲ ಹತ್ತು ನಡೆಗಳು

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮೂರ್ನಾಡಿನಲ್ಲಿ ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ಆ ದಿನಗಳಲ್ಲಿ ಮಕ್ಕಳಿಗೆ ಚದುರಂಗದ ಹಾಸೇ ಆಟದ ಮೈದಾನ. ಶಾಲೆ ಬಿಟ್ಟ ಮೇಲೆ ನಾಲ್ಕಾರು ಹುಡುಗರು ನಮ್ಮ ಮನೆಯ ಜಗಲಿಯಲ್ಲಿ ಆಡಲು ಸೇರುವುದು ಅನೇಕ ವರ್ಷಗಳ ರೂಢಿ. ಕಳೆದ ಕಕ್ಕಡ ಮಾಸದ ಒಂದು ಸಂಜೆ ಅವರಲ್ಲೊಬ್ಬನ ತಂದೆ, ಸಣ್ಣ ಕಾಫಿ ತೋಟದ ಯಜಮಾನರು, ಕೊಡೆ ಮಡಿಸುತ್ತ ಬಂದು ಕೇಳಿದರು: “ಮೇಷ್ಟ್ರೇ, ಆಟದ ಮೊದಲ ನಡೆಗಳನ್ನು ಕಲಿಸುವ ಯಾವುದೋ ಪಾಠಮಾಲೆಗೆ ಹಣ ಕಟ್ಟಬೇಕೆಂದು ಇವನು ಹಟ ಹಿಡಿದಿದ್ದಾನೆ. ಕಟ್ಟಿಸದಿದ್ದರೆ ಆಟವನ್ನೇ ಬಿಡುತ್ತಾನಂತೆ. ಏನು ಮಾಡಲಿ?”

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆ ಹಟದ ಬೀಜ ಬಿತ್ತಿದವನು ನಾನೇ. 2017ರಲ್ಲಿ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರು ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಂದಿನಿಂದ ಆ ಪದವಿ ನಮ್ಮ ಹುಡುಗರ ಕನಸಿಗೂ ನಿಲುಕುವಷ್ಟು ಹತ್ತಿರ ಬಂದಿದೆ. ಈ ಹುಡುಗನ ಚುರುಕನ್ನು ಕಂಡು ಹಿಗ್ಗಿ, ಆರಂಭದ ನಡೆಗಳನ್ನು, ಎಂದರೆ ‘ಓಪನಿಂಗು’ಗಳನ್ನು, ಕುರಿತ ಪುಸ್ತಕವೊಂದನ್ನು ನಾನೇ ಅವನ ಕೈಗಿತ್ತಿದ್ದೆ. ಅವನು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ.

ಅನಂತರ ಪರವೂರಿನ ಒಂದು ಪಂದ್ಯಕ್ಕೆ ಹೋದೆವು. ಹುಡುಗ ಬಿಳಿಯ ಕಾಯಿಗಳಿಂದ ರೂಯ್ ಲೋಪೆಜ್ ಆರಂಭವನ್ನು ಹೂಡಿದ. 1561ರಲ್ಲಿ ಚದುರಂಗದ ಮೇಲೆ ಗ್ರಂಥ ಬರೆದ ಸ್ಪೇನಿನ ಪಾದ್ರಿಯೊಬ್ಬನ ಹೆಸರು ಅದಕ್ಕಿದೆ. ಮೊದಲು ರಾಜನ ಮುಂದಿನ ಕಾಲಾಳು, ಆಮೇಲೆ ಕುದುರೆ, ಮೂರನೆಯದಾಗಿ ಎದುರಾಳಿಯ ಕುದುರೆಯ ಮೇಲೆ ಕಣ್ಣಿಟ್ಟು ಕೂರುವ ಒಂಟೆ. ಆಗ ಕರಿಯ ಪಕ್ಷದವನು ಅಂಚಿನ ಕಾಲಾಳನ್ನು ಒಂದು ಮನೆ ತಳ್ಳಿ ಒಂಟೆಯನ್ನು ವಿಚಾರಿಸಿಕೊಳ್ಳುವುದು ವಾಡಿಕೆ. ಅಲ್ಲಿಂದ ಮುಂದಿನ ಹನ್ನೆರಡು ನಡೆಗಳು ನಮ್ಮವನಿಗೆ ಕಂಠಸ್ಥ. ಆದರೆ ಎದುರಾಳಿ ಹಾಗೆ ಆಡದೆ, ಮಂತ್ರಿಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿದ. ಅದೂ ಹಳೆಯ, ಮರ್ಯಾದಸ್ಥ ನಡೆಯೇ. ಹುಡುಗ ಮಾತ್ರ ದಾರಿ ತಪ್ಪಿದವನಂತಾದ. ಒಂಟೆ ಆ ಮನೆಯಲ್ಲಿ ಏತಕ್ಕೆ ಕುಳಿತಿದೆಯೆಂಬುದು ಅವನಿಗೆ ತಿಳಿದಿರಲಿಲ್ಲ, ನಾನೂ ಹೇಳಿರಲಿಲ್ಲ.

ಆದರೂ ಅವನು ಸೋತದ್ದು ಅಲ್ಲಲ್ಲ. ಹೇಗೋ ಸಾವರಿಸಿಕೊಂಡು ಆಟವನ್ನು ಕೊನೆಯವರೆಗೂ ಎಳೆದ. ಎದುರಾಳಿಗೆ ಉಳಿದದ್ದು ರಾಜ ಮತ್ತು ಒಂದು ಕಾಲಾಳು, ಇವನಿಗೆ ರಾಜ ಮಾತ್ರ. ನಡುವೆ ಒಂದೇ ಮನೆ ಬಿಟ್ಟು ಎದುರಾಳಿಯ ರಾಜನಿಗೆ ನೇರವಾಗಿ ಎದುರು ನಿಂತಿದ್ದರೆ ಆಟ ಸಮವಾಗುತ್ತಿತ್ತು. ಇವನು ಓರೆಗೆ ಸರಿದ. ಕಾಲಾಳು ಕೊನೆಯ ಮನೆ ಸೇರಿ ಮಂತ್ರಿಯಾಯಿತು. ಹನ್ನೆರಡು ನಡೆಗಳನ್ನು ಬಲ್ಲವನು ಒಂದು ನಡೆಯನ್ನರಿಯದೆ ಸೋತ. ಆದರೆ ಮನೆಗೆ ಬಂದ ಹುಡುಗ ಕಂಡುಕೊಂಡ ಕಾರಣ ಬೇರೆ: ತನಗೆ ಇನ್ನೂ ಹೆಚ್ಚು ಆರಂಭಗಳು ಬಾಯಿಗೆ ಬರಬೇಕಿತ್ತು!

ಆರಂಭಾಭ್ಯಾಸ ವ್ಯರ್ಥವೆನ್ನುವವರು ಮುಂದಿಡುವ ದೊಡ್ಡ ಉದಾಹರಣೆ ಪಂಜಾಬಿನ ಮೀರ್ ಸುಲ್ತಾನ್ ಖಾನನದು. ಅವನು ಕಲಿತದ್ದು ನಮ್ಮ ದೇಶೀಯ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದರಿಯಬೇಕು; ಸೇನೆಗಳು ನಿಧಾನವಾಗಿ ಸಂಧಿಸುತ್ತವೆ. ಯೂರೋಪಿನ ಚದುರಂಗ ಗ್ರಂಥಗಳನ್ನು ಓದುವ ಸೌಲಭ್ಯ ಅವನಿಗಿರಲಿಲ್ಲ. ಅಂಥವನು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವವಿಜೇತ ಕಾಪಾಬ್ಲಾಂಕಾನನ್ನೇ ಸೋಲಿಸಿದ. ಪುಸ್ತಕವಿಲ್ಲದ ವಿದ್ಯೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಆದರೆ ಈ ಕಥೆಗೆ ಇನ್ನೊಂದು ಮುಖವುಂಟು. 1929ರ ವಸಂತದಲ್ಲಿ ಲಂಡನ್ನಿಗೆ ಬಂದ ಹೊಸತರಲ್ಲಿ, ಅವನ ಅಭ್ಯಾಸಕ್ಕೆಂದೇ ಏರ್ಪಡಿಸಿದ ಸಣ್ಣ ಪಂದ್ಯಾವಳಿಯಲ್ಲಿ ಅವನಿಗೆ ದೊರೆತದ್ದು ಕೊನೆಯ ಸ್ಥಾನ, ಅದೂ ಇನ್ನೊಬ್ಬನೊಡನೆ ಹಂಚಿಕೊಂಡು. ಆಮೇಲೆ ವಿಂಟರ್ ಮತ್ತು ಯೇಟ್ಸ್ ಎಂಬ ಇಬ್ಬರು ಪಟುಗಳು ಅವನೊಡನೆ ಕುಳಿತು ತರಬೇತು ಕೊಟ್ಟರು. ಆ ಬೇಸಗೆಯಲ್ಲಿಯೇ ಅವನು ಚಾಂಪಿಯನ್ ಆದದ್ದು. ಮಧ್ಯದಾಟದ ಕಸುವು ಮೊದಲೇ ಇದ್ದವನಿಗೆ ಆರಂಭದ ಅಲ್ಪ ಶಿಕ್ಷಣವೂ ಫಲ ಕೊಟ್ಟಿತು. ಕಸುವಿಲ್ಲದವನಿಗೆ ಅದನ್ನೇ ಎಷ್ಟು ಕೊಟ್ಟರೂ ಅದು ಹೊರೆಯಾದೀತು.

ಇನ್ನು ಈ ಆರಂಭಗಳಾದರೂ ಎಲ್ಲಿಂದ ಬಂದವು? ಸುಲ್ತಾನ್ ಖಾನನಿಗಿಂತ ಮುಕ್ಕಾಲು ಶತಮಾನ ಹಿಂದೆ ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ಆಂಗ್ಲನೊಡನೆ ಮಹೇಶಚಂದ್ರ ಬ್ಯಾನರ್ಜಿ ಎಂಬ ವಂಗೀಯನು ನೂರಾರು ಆಟಗಳನ್ನಾಡಿದನು. ದೇಶೀಯ ಆಟದ ಅಭ್ಯಾಸಬಲದಿಂದ ಅವನು ಕಾಲಾಳನ್ನು ಒಂದೇ ಮನೆ ಸರಿಸಿ, ಒಂಟೆಯನ್ನು ಮೂಲೆಯ ಬಳಿ ಇಟ್ಟು, ದೂರದಿಂದಲೇ ಹಾಸಿನ ನಡುಮನೆಗಳನ್ನು ಕಾಯುತ್ತಿದ್ದನು. ಇಂದು ಲೋಕವೆಲ್ಲ ಓದುವ ‘ಇಂಡಿಯನ್ ಡಿಫೆನ್ಸ್’ಗಳಿಗೆ ಆ ಹೆಸರು ಬಂದದ್ದು ಇಂಥ ಆಟದಿಂದಲೇ. 1922ರಲ್ಲಿ ಆಸ್ಟ್ರಿಯದ ಗ್ರೂನ್‌ಫೆಲ್ಡ್ ಪ್ರಚಾರಕ್ಕೆ ತಂದು, ಅವನ ಹೆಸರನ್ನೇ ಪಡೆದ ರಕ್ಷಣಾಕ್ರಮವನ್ನು ಬ್ಯಾನರ್ಜಿ 1855ರಲ್ಲಿಯೇ ಆಡಿದ್ದನು. ಎಂದಮೇಲೆ ಅನುಭವ ಮೊದಲು, ಪುಸ್ತಕ ಆಮೇಲೆ. ಪುಸ್ತಕದ ಪ್ರತಿಯೊಂದು ನಡೆಯೂ ಒಂದು ಕಾಲಕ್ಕೆ ಯಾರದೋ ಯೋಚನೆಯಾಗಿತ್ತು. ಯೋಚನೆಯನ್ನು ಬಿಟ್ಟು ನಡೆಯನ್ನಷ್ಟೇ ಹೊತ್ತು ತಂದರೆ ಕೈಯಲ್ಲಿ ಉಳಿಯುವುದು ಸಿಪ್ಪೆ.

ಅತ್ಯುಚ್ಚ ಮಟ್ಟದಲ್ಲಿ ಮಾತೇ ಬೇರೆ. ಅಲ್ಲಿ ಆರಂಭದ ಒಂದು ಹೊಸ ನಡೆ ಪಂದ್ಯವನ್ನೇ ನಿರ್ಣಯಿಸಬಹುದು. ಆ ಬಾಯಿಪಾಠದ ಹಾವಳಿಗೆ ಬೇಸತ್ತೇ ಬಾಬಿ ಫಿಷರ್ 1996ರಲ್ಲಿ ಹಿಂದಿನ ಸಾಲಿನ ಕಾಯಿಗಳನ್ನು ಚೀಟಿಯೆತ್ತಿದಂತೆ ಬದಲಿಸಿಡುವ, 960 ಬಗೆಯ ಆರಂಭಸ್ಥಿತಿಗಳುಳ್ಳ ಆಟವನ್ನು ಸೂಚಿಸಿದ. ಆದರೆ ಅದು ಮಹಾಪಟುಗಳ ರೋಗಕ್ಕೆ ಮದ್ದು. ನಮ್ಮ ಜಗಲಿಯ ಆಟಗಾರರು ಸೋಲುವುದು ಕುದುರೆಯನ್ನು ಕಾಯದೆ ಬಿಟ್ಟು, ಎರಡು ನಡೆ ಮುಂದೆ ನೋಡದೆ, ರಾಜನನ್ನು ಓರೆಗೆ ಸರಿಸಿ. ಕಾಪಾಬ್ಲಾಂಕಾ ತನ್ನ 1921ರ ಪಾಠಗ್ರಂಥವನ್ನು ಸರಳವಾದ ಅಂತ್ಯದಾಟಗಳಿಂದಲೇ ತೊಡಗಿಸಿದ್ದು ಸುಮ್ಮನೆ ಅಲ್ಲ. ಕಾಯಿಗಳು ಕಡಮೆಯಾದಾಗಲೇ ಒಂದೊಂದರ ಶಕ್ತಿಯೂ ಸ್ಪಷ್ಟವಾಗಿ ಕಾಣುವುದು. ನೆರೆಯ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, ಒಂದೇ ಕುದುರೆ 64 ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಬರುವ ಬಂಧಗಳನ್ನು ರಚಿಸಿದರು. ಅಂಥದೊಂದನ್ನು ಸ್ವತಃ ಬಿಡಿಸಿದ ಬಾಲಕನಿಗೆ ಕುದುರೆಯ ಜಾಡು ಮರೆಯುವುದುಂಟೆ?

ಹಾಗಾದರೆ ಆರಂಭವನ್ನು ಓದಲೇಬಾರದೆ? ಓದಬೇಕು, ಆದರೆ ಆಡಿ ಬಂದ ಮೇಲೆ. ತಾನಾಡಿದ ಆಟವನ್ನು ಬರೆದಿಟ್ಟುಕೊಂಡು, ಎಲ್ಲಿ ತಡವರಿಸಿದೆನೋ ಅಲ್ಲಿಗೆ ಪುಸ್ತಕವನ್ನು ತೆರೆದರೆ, ಆ ಒಂದು ನಡೆಯೂ ಅದರ ಕಾರಣವೂ ಕೂಡಿಯೇ ಮನಸ್ಸಿಗಿಳಿಯುತ್ತವೆ. ಬಿಳಿಗೊಂದು, ಕರಿಗೆರಡು ಆರಂಭಗಳು ಬಹುಕಾಲಕ್ಕೆ ಸಾಕು.

ಇಷ್ಟನ್ನು ಹೇಳಿ, ತಪ್ಪು ನನ್ನದೆಂದೂ ಒಪ್ಪಿಕೊಂಡೆ. ತೋಟದ ಯಜಮಾನರು ಸ್ವಲ್ಪ ಹೊತ್ತು ಮಳೆಯನ್ನೇ ನೋಡುತ್ತಿದ್ದು ಅಂದರು: “ನಮ್ಮ ಹೂಮಳೆಯೂ ಹಾಗೆಯೇ, ಮೇಷ್ಟ್ರೇ. ಇಂಥ ತಿಂಗಳಲ್ಲಿ ಬರುತ್ತದೆಂದು ಮಾತ್ರ ಬಲ್ಲವನು, ಬಾರದ ವರ್ಷ ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ಮೊಗ್ಗಿಗೆ ನೀರು ಬೇಕೆಂದು ತಿಳಿದವನು ಸ್ಪ್ರಿಂಕ್ಲರ್ ಹೂಡುತ್ತಾನೆ.”

ನಾನು ಪುಟಗಟ್ಟಲೆ ಹೇಳಿದ್ದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದ್ದರು. ಕಂಬಕ್ಕೊರಗಿ ನಿಂತಿದ್ದ ಹುಡುಗ ತಂದೆಯ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ. ನಾನು ಹಾಸಿನ ಮೇಲಿನ ಕಾಯಿಗಳನ್ನೆಲ್ಲ ತೆಗೆದು, ಎರಡು ರಾಜರನ್ನೂ ಒಂದು ಕಾಲಾಳನ್ನೂ ಮಾತ್ರ ಉಳಿಸಿದೆ. ಅವನು ತುಸು ಹೊತ್ತು ಸುಮ್ಮನಿದ್ದು, ಬಂದು ಎದುರಿಗೆ ಕುಳಿತ. “ಸಾರ್, ಈ ಸಲ ಓರೆಗೆ ಹೋಗುವುದಿಲ್ಲ” ಎಂದ.

“ಏಕೆ ಹೋಗಬಾರದು, ಹೇಳು” ಎಂದೆ.