ಮನೆಯಲ್ಲಿ ಅಣಬೆಯ ಬೇಸಾಯ

ಮಳೆ ಬಿದ್ದೊಡನೆ ಹುತ್ತ, ಬದುಗಳ ಮೇಲೆ ಏಳುವ ಅಣಬೆಗಳನ್ನು ಕಿತ್ತು ತಂದು ಪಲ್ಯ ಮಾಡುವುದು ಹಳ್ಳಿಗಳಲ್ಲಿ ಬಹುಕಾಲದ ರೂಢಿ. ಆದರೆ ಇವುಗಳಲ್ಲಿ ಕೆಲವು ಪ್ರಾಣವನ್ನೇ ತೆಗೆಯುವಷ್ಟು ವಿಷವುಳ್ಳವು. ಬೆಳ್ಳಿ ಕಪ್ಪಾಗದಿದ್ದರೆ ಅಥವಾ ಹುಳು ತಿಂದಿದ್ದರೆ ಭಯವಿಲ್ಲವೆಂಬ ಮಾತು ನಿರಾಧಾರವಾದುದು. ಬೇಯಿಸಿದರೂ ಅಂಥ ವಿಷ ಹೋಗದು. ಗುರುತಿಲ್ಲದ ಅಣಬೆಯನ್ನು ತಿನ್ನಕೂಡದು. ನಂಬಿಕೆಯ ಬೀಜದಿಂದ ಮನೆಯಲ್ಲೇ ಬೆಳೆದುಕೊಳ್ಳುವುದು ಕ್ಷೇಮಕರವಾದ ಮಾರ್ಗ.

ಮರದ ತುಂಡೋ, ಹುಲ್ಲೋ?

ಜಪಾನು, ಚೀನಾ ದೇಶಗಳಲ್ಲಿ ಓಕ್ ಮುಂತಾದ ಮರಗಳ ತುಂಡುಗಳಿಗೆ ರಂಧ್ರ ಕೊರೆದು, ಬೀಜ ತುಂಬಿ, ಶಿಟಾಕೆ ಎಂಬ ಅಣಬೆಯನ್ನು ಬೆಳೆಯುವರು. ಅದಕ್ಕೆ ತಂಪು ಹವೆ ಬೇಕು. ಫಲಕ್ಕೆ ಒಂದು ವರ್ಷದಷ್ಟು ಕಾಯಬೇಕಾಗುವುದೂ ಉಂಟು. ಹಡಗಲಿ ತಾಲ್ಲೂಕಿನ ಮಾಗಳದಂಥ ಬಿಸಿಲುಸೀಮೆಗೆ ಆ ಕ್ರಮ ಹೊಂದದು. ಅದಕ್ಕಾಗಿ ಮರ ಕಡಿಯುವುದೂ ತರವಲ್ಲ. ಇಲ್ಲಿ ತುಂಗಭದ್ರೆಯ ದಡದಲ್ಲಿ ಭತ್ತ ಬೆಳೆಯುವವರಿಗೆ ಹುಲ್ಲೇ ಸಾಕು. ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆಯುವ ಕ್ರಮವನ್ನು ೧೯೬೨ರಲ್ಲಿಯೇ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಬಾನೋ ಮತ್ತು ಶ್ರೀವಾಸ್ತವ ಎಂಬ ವಿಜ್ಞಾನಿಗಳು ಪ್ರಕಟಿಸಿದರು.

ಬೆಳೆಯುವ ಕ್ರಮ

ನವೆಂಬರಿನಿಂದ ಜನವರಿಯವರೆಗಿನ ಕಾಲ ಉತ್ತಮ. ಬೇಸಿಗೆಯಲ್ಲಿ ಆರಂಭಿಸಿದರೆ ನಷ್ಟವೇ ಹೆಚ್ಚು. ಮಳೆಯಲ್ಲಿ ನೆನೆಯದ ಹೊಸ ಹುಲ್ಲನ್ನು ಎರಡಂಗುಲದ ತುಂಡುಗಳಾಗಿ ಕತ್ತರಿಸಿ, ಒಂದು ರಾತ್ರಿ ನೆನೆಯಿಟ್ಟು, ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಒಂದು ಗಂಟೆ ಇಡತಕ್ಕದ್ದು. ಬಳಿಕ ಬಸಿದು ಆರಿಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ಅಂಗೈ ಮಾತ್ರ ತೇವವಾಗಬೇಕು.

ಒಂದು ಕಿಲೋ ಒಣಹುಲ್ಲಿಗೆ ೧೦೦ ಗ್ರಾಂ ಬೀಜದಂತೆ, ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು, ಬೀಜಗಳನ್ನು ಪದರಪದರವಾಗಿ ತುಂಬಿ, ಬಾಯಿ ಕಟ್ಟಿ, ಸುತ್ತಲೂ ಹತ್ತು ಹನ್ನೆರಡು ಸಣ್ಣ ರಂಧ್ರಗಳನ್ನು ಮಾಡಿ, ಕತ್ತಲೆಯ ತಂಪು ಕೋಣೆಯಲ್ಲಿಡಬೇಕು. ೧೫ರಿಂದ ೨೦ ದಿನಗಳಲ್ಲಿ ಬಿಳಿಯ ನೂಲು ಹುಲ್ಲನ್ನೆಲ್ಲಾ ಹೆಣೆಯುವುದು. ಆಗ ಚೀಲವನ್ನು ಸೀಳಿ ತೆಗೆದು, ಗಾಳಿ ಮತ್ತು ಮಂದ ಬೆಳಕು ಬರುವಂತೆ ಮಾಡಿ, ದಿನಕ್ಕೆ ಎರಡು ಮೂರು ಬಾರಿ ನೀರು ಚಿಮುಕಿಸಬೇಕು. ಹವೆ ಒಣಗಿದ್ದರೆ ಒದ್ದೆಯ ಗೋಣಿತಟ್ಟುಗಳನ್ನು ಸುತ್ತಲೂ ತೂಗಹಾಕಬೇಕು. ಹಸಿರು ಬೂಷ್ಟು ಕಂಡ ಚೀಲವನ್ನು ಕೂಡಲೇ ದೂರ ಒಯ್ದು ಹೂಳಬೇಕು.

ಕೊಯ್ಲು ಮತ್ತು ಮಾರಾಟ

ಅಂಚು ಮೇಲಕ್ಕೆ ಸುರುಳುವ ಮೊದಲೇ ಅಣಬೆಯನ್ನು ತಿರುಚಿ ಕೀಳಬೇಕು. ತಡವಾದರೆ ಕಣ್ಣಿಗೆ ಕಾಣದ ಧೂಳು ಉದುರಿ ಕೆಲಸದವರಿಗೆ ಕೆಮ್ಮು, ಉಬ್ಬಸ ತರುವುದುಂಟು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ವಾರ, ಹತ್ತು ದಿನಗಳ ಅಂತರದಲ್ಲಿ ಎರಡು ಮೂರು ಕೊಯ್ಲುಗಳಾಗಿ, ಕಿಲೋ ಒಣಹುಲ್ಲಿಗೆ ಅರ್ಧದಿಂದ ಒಂದು ಕಿಲೋ ಹಸಿ ಅಣಬೆ ದೊರೆಯುವುದು. ಉಳಿದ ಹುಲ್ಲು ತಿಪ್ಪೆಗೆ ಗೊಬ್ಬರವಾಗುವುದು.

ಹಡಗಲಿಯ ಮಲ್ಲಿಗೆಯಂತೆ ಅಣಬೆಯೂ ಬೇಗ ಬಾಡುವ ಸರಕು. ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳದೆ ಹೆಚ್ಚು ಚೀಲಗಳನ್ನು ಕಟ್ಟಿದವರು ನಷ್ಟಕ್ಕೊಳಗಾಗುವರು. ಬೀಜವು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ದೊರೆಯುವುದು. ಮುಂಗಡವಾಗಿ ತಿಳಿಸಿ ತರಿಸಿಕೊಳ್ಳಬೇಕು. ಗ್ರಾಮದ ಮುಖಂಡರೂ ಭೂಮಾಲೀಕರೂ ಮೊದಲು ತಮ್ಮ ಮನೆಯಲ್ಲಿ ನಾಲ್ಕು ಚೀಲಗಳನ್ನು ಪರೀಕ್ಷಾರ್ಥವಾಗಿ ಕಟ್ಟಿ, ಫಲ ಕಂಡ ಮೇಲೆ ಹುಲ್ಲಿಲ್ಲದ ಬಡ ಒಕ್ಕಲುಗಳಿಗೆ ಒಂದೆರಡು ಹೊರೆ ಹುಲ್ಲನ್ನಿತ್ತು ಕ್ರಮವನ್ನು ಕಲಿಸಿದರೆ, ಕೂಲಿಯಿಲ್ಲದ ದಿನಗಳಲ್ಲಿ ಆ ಮನೆಗಳಿಗೆ ಸ್ವಲ್ಪವಾದರೂ ಆಧಾರವಾಗುವುದು.