ಹಿಮ ಬೀಳೋ ಊರಲ್ಲಿ ಮನೆ ಮುಂದಿನ ಕಾಂಕ್ರೀಟು: ಕೀಳಿಸ್ಬೇಕಾ, ಮೇಲೆ ಎಳೆದ್ರೆ ಸಾಕಾ?

ಈ ವಾರದ ವಿಷಯ ಡ್ರೈವ್‌ವೇ. ಅಂದ್ರೆ ರಸ್ತೆಯಿಂದ ಮನೆಯ ಗ್ಯಾರೇಜ್ ಬಾಗಿಲವರೆಗೆ ಕಾರು ಬರೋಕೆ ಹಾಕಿರೋ ಕಾಂಕ್ರೀಟು. ನಮ್ಮ ಹರದನಹಳ್ಳಿ ಕಡೆ ಇದಕ್ಕೆ ಹತ್ತಿರದ್ದು ಅಂದ್ರೆ ಗೇಟಿಂದ ಪೋರ್ಟಿಕೋವರೆಗಿನ ಸಿಮೆಂಟ್ ನೆಲ, ಇಲ್ಲಾ ಅರಕಲಗೂಡು ಕಡೆ ಹೋದ್ರೆ ಕಾಫಿ ಒಣಗಿಸೋ ಕಣ. ನಮ್ಮಲ್ಲಿ ಅದನ್ನ ಒಂದ್ಸಲ ಹಾಕಿದ್ರೆ ಮುಗೀತು, ಮತ್ತೆ ಅದರ ಬಗ್ಗೆ ಯಾರೂ ಯೋಚನೆ ಮಾಡಲ್ಲ. ಆದ್ರೆ ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಹೋಗಿ ಮಿನೆಸೋಟಾದಲ್ಲೋ ಟೊರಾಂಟೋದಲ್ಲೋ ಮನೆ ತಗೊಂಡಿರೋರಿಗೆ ಇದು ಸಾವಿರಾರು ಡಾಲರ್ ಪ್ರಶ್ನೆ.

ನಮ್ಮ ದೊಡ್ಡಮ್ಮನ ಮಗಳು ಮಿನಿಯಾಪೊಲಿಸ್ ಹತ್ರ ಇದ್ದಾಳೆ. ಹಳೇ ಮನೆ ಕೊಂಡಿದ್ದಾರೆ. ಡ್ರೈವ್‌ವೇ ಮೇಲ್ಮೈ ಪದರ ಪದರವಾಗಿ ಎದ್ದು ಬರ್ತಾ ಇದೆ, ಗ್ಯಾರೇಜ್ ಹತ್ರ ಒಂದು ಭಾಗ ಕುಸಿದಿದೆ. ಅಕ್ಟೋಬರ್ ಕೊನೆಯಲ್ಲಿ ಇಬ್ಬರನ್ನ ಕರೆಸಿ ವಿಚಾರಿಸಿದ್ದಾಳೆ. ಒಬ್ಬ ಪೂರ್ತಿ ಕಿತ್ತು ಹೊಸದು ಹಾಕ್ಬೇಕು, ಅದೂ ಮುಂದಿನ ಮೇ ತಿಂಗಳಲ್ಲಿ ಅಂದ. ಇನ್ನೊಬ್ಬ ಅದರ ಮೂರನೇ ಒಂದು ಭಾಗ ದುಡ್ಡಿಗೆ, ಈ ನವೆಂಬರಲ್ಲೇ, ಮೇಲೊಂದು ತೆಳು ಪದರ ಎಳೆದು ಕೊಡ್ತೀನಿ ಅಂದ. ಊರಿಂದ ದೊಡ್ಡಪ್ಪನ ಸಲಹೆ ಇನ್ನೂ ಸುಲಭ: "ಎರಡು ಮೂಟೆ ಸಿಮೆಂಟ್ ಕಲೆಸಿ ಮೇಲೆ ಬಳಿಸಿಬಿಡಮ್ಮ, ಅಂಗಳಕ್ಕೆ ಅಷ್ಟೊಂದು ದುಡ್ಡು ಯಾಕೆ?"

ಮೊದಲು ಅದು ಒಡೆಯೋದು ಯಾಕೆ ಅಂತ ನೋಡೋಣ. ಚಳಿಗೆ ಒಡೆಯುತ್ತೆ ಅಂತ ನಾವು ಅಂದ್ಕೋತೀವಿ. ಒಣಗಿದ ಕಾಂಕ್ರೀಟಿಗೆ ಚಳಿಯಿಂದ ದೊಡ್ಡ ತೊಂದರೆ ಇಲ್ಲ, ತೊಂದರೆ ಅದರೊಳಗಿನ ನೀರಿನದು. ನೀರು ಹೆಪ್ಪುಗಟ್ಟಿ ಮಂಜುಗಡ್ಡೆ ಆದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತೆ. ಗಾಜಿನ ಬಾಟ್ಲಿಗೆ ಕತ್ತಿನವರೆಗೆ ನೀರು ತುಂಬಿ ಫ್ರೀಜರಲ್ಲಿ ಇಟ್ರೆ ಏನಾಗುತ್ತೆ ಅಂತ ಗೊತ್ತಲ್ಲ, ಅದೇ. ಕಾಂಕ್ರೀಟು ನೋಡೋಕೆ ಕಲ್ಲು, ಒಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರ. ಅದರಲ್ಲಿ ನೀರು ಇಳಿಯುತ್ತೆ, ರಾತ್ರಿ ಹೆಪ್ಪುಗಟ್ಟುತ್ತೆ, ಮಧ್ಯಾಹ್ನದ ಬಿಸಿಲಿಗೆ ಕರಗುತ್ತೆ, ಮತ್ತೆ ರಾತ್ರಿ ಹೆಪ್ಪುಗಟ್ಟುತ್ತೆ. ಒಂದೇ ಚಳಿಗಾಲದಲ್ಲಿ ಇದು ಎಷ್ಟೋ ಸಲ ನಡೆಯುತ್ತೆ. ಅದಕ್ಕೇ ಒಂದೇ ಸಮ ಮೈನಸ್ಸಲ್ಲಿ ಇರೋ ಜನವರಿಗಿಂತ, ಸೊನ್ನೆಯ ಆಚೆ ಈಚೆ ಓಡಾಡೋ ಮಾರ್ಚ್ ಕಾಂಕ್ರೀಟಿಗೆ ಹೆಚ್ಚು ಕಷ್ಟ.

ಇದರ ಮೇಲೆ ಉಪ್ಪು. ಅಲ್ಲಿ ರಸ್ತೆಯ ಹಿಮ ಕರಗಿಸೋಕೆ ಉಪ್ಪು ಸುರೀತಾರೆ. ಉಪ್ಪು ಹಿಮವನ್ನ ಕರಗಿಸಿ ನೀರು ಮಾಡುತ್ತೆ, ಆ ನೀರು ಒಳಗೆ ಇಳಿದು ಮತ್ತೆ ಹೆಪ್ಪುಗಟ್ಟುತ್ತೆ. ನೀವು ನಿಮ್ಮ ಮನೆ ಮುಂದೆ ಒಂದು ಕಾಳು ಉಪ್ಪೂ ಹಾಕದೇ ಇದ್ರೂ, ಕಾರಿನ ಅಡಿಯಲ್ಲಿ ಅಂಟಿಕೊಂಡು ಬರೋ ರಸ್ತೆಯ ಉಪ್ಪುನೀರು ಗ್ಯಾರೇಜ್ ಮುಂದೆ ತೊಟ್ಟಿಕ್ಕುತ್ತೆ. ಡ್ರೈವ್‌ವೇ ಮೊದಲು ಹಾಳಾಗೋದು ಕಾರು ನಿಲ್ಲೋ ಜಾಗದಲ್ಲೇ ಯಾಕೆ ಅನ್ನೋದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಪರಿಹಾರ ಸಿಕ್ಕಿದ ಕಥೆ ಚೆನ್ನಾಗಿದೆ. 1930ರ ದಶಕದಲ್ಲಿ ಅಮೆರಿಕಾದ ನ್ಯೂಯಾರ್ಕ್ ರಾಜ್ಯದಲ್ಲಿ ಹಾಕಿದ ಕೆಲವು ಕಾಂಕ್ರೀಟ್ ರಸ್ತೆಗಳು ಮಾತ್ರ ಚಳಿಗಾಲವನ್ನ ತಡ್ಕೊಂಡು ನಿಂತವು. ಹುಡುಕಿ ನೋಡಿದ್ರೆ, ಆ ಸಿಮೆಂಟನ್ನ ಅರೆಯುವಾಗ ಕಾರ್ಖಾನೆಯಲ್ಲಿ ಪ್ರಾಣಿ ಕೊಬ್ಬು ಸೇರಿಸಿದ್ದರು. ಸಾಬೂನು ನೊರೆ ಬರೋ ಹಾಗೆ ಆ ಕೊಬ್ಬಿಂದ ಕಾಂಕ್ರೀಟೊಳಗೆ ಕೋಟ್ಯಂತರ ಸೂಕ್ಷ್ಮ ಗಾಳಿಗುಳ್ಳೆಗಳು ಉಳಿದಿದ್ದವು. ಹೆಪ್ಪುಗಟ್ಟೋ ನೀರು ಹಿಗ್ಗಿದಾಗ ಆ ಗುಳ್ಳೆಗಳೊಳಗೆ ಜಾಗ ಸಿಗುತ್ತೆ, ಕಾಂಕ್ರೀಟ್ ಒಡೆಯಲ್ಲ. ಈಗ ಅದಕ್ಕೆಂದೇ ದ್ರಾವಣ ಸಿಗುತ್ತೆ, ಏರ್ ಎಂಟ್ರೈನಿಂಗ್ ಅಡ್‌ಮಿಕ್ಶ್ಚರ್ ಅಂತಾರೆ. ಕೆನಡಾದ ಮಾನದಂಡದಲ್ಲಿ ಡ್ರೈವ್‌ವೇ ಕಾಂಕ್ರೀಟಿಗೆ ಸಿ-2 ಅನ್ನೋ ದರ್ಜೆ ಇದೆ: 28 ದಿನಕ್ಕೆ 32 ಮೆಗಾಪ್ಯಾಸ್ಕಲ್ ಬಲ, ಸಿಮೆಂಟಿನ ತೂಕಕ್ಕೆ ನೀರು 0.45 ಪಾಲು ಮೀರಬಾರದು, ಗಾಳಿ ಸಾಮಾನ್ಯವಾಗಿ ಶೇಕಡ 5ರಿಂದ 8. ಟೊರಾಂಟೋ ಕಡೆ ಕೇಳ್ತಿರೋರು ಕೊಟೇಶನ್ನಲ್ಲಿ ಈ ಸಿ-2 ಅನ್ನೋ ಪದ ಇದ್ಯಾ ಅಂತ ನೋಡ್ಕೊಳ್ಳಿ. ಇಲ್ಲಾ ಅಂದ್ರೆ ಬರೆಸ್ಕೊಳ್ಳಿ, ಬಾಯಿಮಾತು ಬೇಡ.

ಸರಿ, ಮೇಲೆ ಎಳೆದ್ರೆ ಆಗಲ್ವಾ? ಕೆಲವು ಸಲ ಆಗುತ್ತೆ. ಚಪ್ಪಡಿ ಗಟ್ಟಿಯಾಗಿದೆ, ಎಲ್ಲೂ ಕುಸಿದಿಲ್ಲ, ಸುತ್ತಿಗೆಯಲ್ಲಿ ತಟ್ಟಿದ್ರೆ ಟೊಳ್ಳು ಸದ್ದು ಬರಲ್ಲ, ಮೇಲಿನ ತೆಳು ಪದರ ಮಾತ್ರ ಎದ್ದಿದೆ ಅಂದ್ರೆ ಮೇಲ್ಪದರ ಒಂದಷ್ಟು ವರ್ಷ ದೂಡುತ್ತೆ. ಆದ್ರೆ ಅಕ್ಕನ ಮನೆಯಲ್ಲಿ ಕುಸಿದಿರೋದು ತಳ. ತಳ ಅಲುಗಾಡ್ತಿದ್ರೆ ಮೇಲೆ ಏನು ಎಳೆದರೂ ಹಳೇ ಬಿರುಕು ಹೊಸ ಪದರಕ್ಕೂ ಬರುತ್ತೆ, ಆ ಬಿರುಕಲ್ಲಿ ನೀರು ಇಳಿದು ಎರಡು ಪದರದ ಮಧ್ಯೆ ಹೆಪ್ಪುಗಟ್ಟಿ ಮೇಲಿನದನ್ನ ಎಬ್ಬಿಸಿಬಿಡುತ್ತೆ.

ನಾನು ಓದಿದ್ದು ಬಿಕಾಂ, ಹಾಗಾಗಿ ಸವಕಳಿ ಲೆಕ್ಕ ಬಿಡೋಕಾಗಲ್ಲ. ಉದಾಹರಣೆಗೆ ಪೂರ್ತಿ ಹೊಸದಕ್ಕೆ 12,000 ಡಾಲರ್, ಬಾಳಿಕೆ 24 ವರ್ಷ ಅಂತ ಇಟ್ಕೊಳ್ಳಿ, ವರ್ಷಕ್ಕೆ 500. ಮೇಲ್ಪದರಕ್ಕೆ 4,000, ನಾಲ್ಕು ಚಳಿಗಾಲ ಬಂತು ಅಂದ್ರೆ ವರ್ಷಕ್ಕೆ 1,000. ಅಗ್ಗದ್ದೇ ದುಬಾರಿ ಆಯ್ತು. ಆದ್ರೆ ಎರಡು ವರ್ಷದಲ್ಲಿ ಮನೆ ಮಾರೋ ಯೋಚನೆ ಇದ್ರೆ ಇದೇ ಲೆಕ್ಕ ಉಲ್ಟಾ ಆಗುತ್ತೆ. ಎಷ್ಟು ವರ್ಷ ಆ ಮನೆಯಲ್ಲಿ ಇರ್ತೀರಿ ಅನ್ನೋದು ಮೊದಲು ಇತ್ಯರ್ಥ ಆಗ್ಬೇಕು.

ಕೀಳೋದು ಸಣ್ಣ ಕೆಲಸ ಅಲ್ಲ. 20 ಅಡಿ ಅಗಲ, 30 ಅಡಿ ಉದ್ದ, 4 ಇಂಚು ದಪ್ಪ ಅಂದ್ರೆ 200 ಘನ ಅಡಿ. ತೂಕದಲ್ಲಿ ಹದಿಮೂರೂವರೆ ಟನ್ ಹತ್ರ. ಒಡೆದು ಅಷ್ಟನ್ನೂ ಸಾಗಿಸ್ಬೇಕು. ಕೊಟೇಶನ್ನಲ್ಲಿ ಈ ಖರ್ಚು ಸೇರಿದ್ಯಾ ಅಂತ ಕೇಳದೇ ಇದ್ರೆ ಆಮೇಲೆ ಜಗಳ.

ಕಿತ್ತ ಮೇಲೆ ನಿಜವಾದ ಕೆಲಸ ಶುರುವಾಗೋದು ಮಣ್ಣಲ್ಲಿ. ಮಿನೆಸೋಟಾದ ಕಟ್ಟಡ ನಿಯಮದಲ್ಲಿ ಪಾಯ ಎಷ್ಟು ಆಳ ಇರಬೇಕು ಅಂದ್ರೆ ರಾಜ್ಯದ ದಕ್ಷಿಣದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು. ಯಾಕಂದ್ರೆ ನೆಲ ಅಷ್ಟು ಆಳದವರೆಗೆ ಹೆಪ್ಪುಗಟ್ಟಬಹುದು. ಡ್ರೈವ್‌ವೇಗೆ ಯಾರೂ ಅಷ್ಟು ಅಗೆಯಲ್ಲ, ಅದು ಮೇಲೇ ಕೂತಿರುತ್ತೆ. ಹಾಗಾಗಿ ಅಡಿಯ ನುಣುಪು ಮಣ್ಣಲ್ಲಿ ನೀರು ನಿಂತ್ರೆ ಮಂಜುಗಡ್ಡೆ ಚಪ್ಪಡಿಯನ್ನೇ ಎತ್ತುತ್ತೆ, ಕರಗಿದಾಗ ಕೆಳಗೆ ಪೊಳ್ಳು. ಇದನ್ನ ತಪ್ಪಿಸೋಕೆ ಹಳೇ ಮಣ್ಣು ತೆಗೆದು ಜಲ್ಲಿ ತುಂಬಿ ಪದರ ಪದರವಾಗಿ ಧಮ್ಮಸ್ಸು ಮಾಡ್ಬೇಕು, ನೀರು ಜಲ್ಲಿಯ ಮೂಲಕ ಇಳಿದು ಹೋಗ್ಬೇಕು. ಮೇಲೆ ಮನೆಯಿಂದ ಆಚೆಗೆ ವಾಟ, 10 ಅಡಿಗೆ ಎರಡೂವರೆ ಇಂಚು ಇದ್ರೆ ಒಳ್ಳೇದು. ಗ್ಯಾರೇಜ್ ಗೋಡೆಗೂ ಚಪ್ಪಡಿಗೂ ಮಧ್ಯೆ ಬಿಡುವು ಇರಲಿ. 8ರಿಂದ 10 ಅಡಿಗೆ ಒಂದರಂತೆ, ದಪ್ಪದ ಕಾಲು ಭಾಗ ಆಳಕ್ಕೆ ಗೆರೆ ಕುಯ್ಸಿ. ಕಾಂಕ್ರೀಟು ಬಿರುಕು ಬಿಡೋದಂತೂ ಖಂಡಿತ, ಆ ಗೆರೆಯಲ್ಲಿ ಬಿಡಲಿ ಅಂತ.

ಕೊನೆಗೆ ಕರಣೆ ಕೆಲಸ. ಮೇಲೆ ತೇಲಿ ಬಂದ ನೀರು ಆರೋ ಮೊದಲೇ ಉಜ್ಜಿದ್ರೆ ಆ ನೀರು ಮೇಲ್ಪದರದಲ್ಲೇ ಸೇರಿಕೊಂಡು ಅದನ್ನ ದುರ್ಬಲ ಮಾಡುತ್ತೆ. ಜಾಸ್ತಿ ನುಣುಪು ಮಾಡೋಕೆ ಹೋದ್ರೆ ದುಡ್ಡು ಕೊಟ್ಟು ಹಾಕ್ಸಿದ ಗಾಳಿಗುಳ್ಳೆಗಳೇ ಮೇಲಿಂದ ಹೊರಟು ಹೋಗ್ತವೆ. ಅಲ್ಲಿ ಪೊರಕೆ ಎಳೆದು ಒರಟಾಗಿ ಬಿಡೋದು ಇದಕ್ಕೇ. ಹಿಮದ ದಿನ ಕಾಲು ಜಾರೋದೂ ಕಡಿಮೆ.

ಈಗ ನವೆಂಬರ್ ಪ್ರಶ್ನೆ. ಸಿಮೆಂಟು ಗಟ್ಟಿಯಾಗೋದು ಒಣಗೋದ್ರಿಂದ ಅಲ್ಲ, ನೀರಿನ ಜೊತೆ ರಾಸಾಯನಿಕ ಕ್ರಿಯೆ ನಡೆಯೋದ್ರಿಂದ. ಚಳಿ ಹೆಚ್ಚಿದ ಹಾಗೆ ಆ ಕ್ರಿಯೆ ನಿಧಾನ ಆಗುತ್ತೆ. ಅಮೆರಿಕಾದಲ್ಲಿ 40 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 4 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಹೋಗೋ ಹಾಗಿದ್ರೆ ಅದನ್ನ ಚಳಿ ಹವೆಯ ಕಾಂಕ್ರೀಟು ಅಂತ ಪರಿಗಣಿಸಿ ಬೇರೆ ಎಚ್ಚರಿಕೆ ತಗೋತಾರೆ. ನಮ್ಮ ಭಾರತೀಯ ಮಾನದಂಡ ಐಎಸ್ 7861 ಇದಕ್ಕೆ 5 ಡಿಗ್ರಿ ಅನ್ನುತ್ತೆ, ಲಡಾಖ್, ಹಿಮಾಚಲದ ಕೆಲಸಗಳಿಗೆ ಅದು ಬೇಕು. ಹೊಸ ಕಾಂಕ್ರೀಟು ಸುಮಾರು 3.5 ಮೆಗಾಪ್ಯಾಸ್ಕಲ್ ಬಲ ಬರೋ ಮೊದಲೇ ಹೆಪ್ಪುಗಟ್ಟಿದ್ರೆ ಆ ಹಾನಿಯನ್ನ ಸರಿಮಾಡೋಕೆ ಆಗಲ್ಲ. ಬಿಸಿನೀರಲ್ಲಿ ಕಲೆಸಿ, ದಪ್ಪ ಹೊದಿಕೆ ಹೊದಿಸಿ ಚಳಿಯಲ್ಲೂ ಹಾಕ್ತಾರೆ, ಸೇತುವೆ ಕೆಲಸ ನಿಲ್ಲಿಸೋಕಾಗಲ್ವಲ್ಲ. ಮನೆ ಮುಂದಿನ ಡ್ರೈವ್‌ವೇಗೆ ಅಂಥ ಅರ್ಜೆಂಟ್ ಏನಿದೆ? ಹೆಪ್ಪುಗಟ್ಟಿದ ನೆಲದ ಮೇಲಂತೂ ಹಾಕಲೇಬಾರದು. ಇನ್ನೊಂದು ವಿಷಯ, ಹಾಕಿದ್ದು ಚೆನ್ನಾಗಿ ಬಲಿತು, ಒಂದಷ್ಟು ಒಣಗಿ, ಆಮೇಲೆ ಮೊದಲ ಹಿಮ ಕಾಣ್ಬೇಕು. ನವೆಂಬರಲ್ಲಿ ರಿಯಾಯಿತಿ ಕೊಡೋನು ಆ ಸಮಯವನ್ನ ಕೊಡೋಕಾಗಲ್ಲ. ಅಕ್ಕ ಮೇ ತಿಂಗಳಿಗೆ ಬುಕ್ ಮಾಡಿದ್ದಾಳೆ, ನನಗೂ ಅದೇ ಸರಿ ಅನ್ಸುತ್ತೆ.

ಹಾಕಿಸಿದ ಮೇಲೆ ಕಾರು ಹತ್ತಿಸೋಕೆ ಕನಿಷ್ಠ ಒಂದು ವಾರ ಕಾಯಿರಿ. ಮೊದಲ ಚಳಿಗಾಲ ಉಪ್ಪು ಬೇಡವೇ ಬೇಡ, ಜಾರದಿರೋಕೆ ಮರಳು ಉದುರಿಸಿ. ಗೊಬ್ಬರದಿಂದಲೂ ಹಿಮ ಕರಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್ ಕಾಂಕ್ರೀಟನ್ನೇ ತಿಂದುಹಾಕ್ತವೆ.

ಇನ್ನು ನಮ್ಮೂರಿಗೆ ಬರೋಣ. ಹಾಸನದಲ್ಲಿ ಜನವರಿ ಬೆಳಗ್ಗೆ ಎಷ್ಟೇ ನಡುಗಿದ್ರೂ ನೀರು ಹೆಪ್ಪುಗಟ್ಟಲ್ಲ, ಗಾಳಿಗುಳ್ಳೆಗೆ ದುಡ್ಡು ಹಾಕೋದು ಬೇಡ. ಆದ್ರೆ ನೀರಿನ ಲೆಕ್ಕ ಇಲ್ಲಿಗೂ ಅನ್ವಯಿಸುತ್ತೆ. 50 ಕೆಜಿ ಮೂಟೆಗೆ 0.55 ಪಾಲು ಅಂದ್ರೆ ಇಪ್ಪತ್ತೇಳೂವರೆ ಲೀಟರ್, ಮರಳಲ್ಲಿರೋ ತೇವವೂ ಸೇರಿ. ಕಲೆಸೋಕೆ ಸಲೀಸಾಗಲಿ ಅಂತ ಮೇಲೊಂದು ಹತ್ತು ಲೀಟರ್ ಬಿಂದಿಗೆ ಸುರಿದ್ರೆ ಅದು 0.75 ಆಯ್ತು, ಸಿಮೆಂಟ್ ಅಷ್ಟೇ ಇದ್ರೂ ಬಲ ಬಿದ್ದುಹೋಯ್ತು. ಮೇಸ್ತ್ರಿ ಹತ್ರ ಬ್ರ್ಯಾಂಡ್ ಬಗ್ಗೆ ವಾದ ಮಾಡೋ ನಾವು ಬಿಂದಿಗೆ ಎಣಿಸಲ್ಲ. ಹಾಗೇ "ಚಳಿ ಇದೆ, ಇಬ್ಬನಿ ಬೀಳುತ್ತೆ, ನೀರು ಯಾಕೆ ಹೊಡೀಬೇಕು" ಅಂತ ಡಿಸೆಂಬರಲ್ಲಿ ಎರಡೇ ದಿನಕ್ಕೆ ಕ್ಯೂರಿಂಗ್ ನಿಲ್ಲಿಸ್ತಾರೆ. ಐಎಸ್ 456 ಪ್ರಕಾರ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಗೆ 10 ದಿನ. ಮೂಟೆ ಮೇಲೆ ಪಿಪಿಸಿ ಅಂತ ಇದ್ಯಾ ನೋಡಿ. ಇದ್ರೆ ಪಾತಿ ಕಟ್ಟಿ ನೀರು ನಿಲ್ಲಿಸಿ, ಇಲ್ಲಾ ಒದ್ದೆ ಗೋಣಿಚೀಲ ಹಾಸಿ, ಹತ್ತು ದಿನ ಎಣಿಸಿ.

ನಿಮ್ಮ ಕಡೆಯವರು ಯಾರಾದ್ರೂ ಹಿಮದ ಊರಲ್ಲಿ ಈ ಕೆಲಸ ಮಾಡ್ಸಿದ್ರೆ ಒಂದು ವಾಯ್ಸ್ ನೋಟ್ ಕಳಿಸೋಕೆ ಹೇಳಿ. ಮುಂದಿನ ವಾರ ಸಿಗೋಣ.