ನಾಯಕತ್ವದ ಪಾಠಕ್ಕೆ ರಂಗಭೂಮಿ

ನಾಯಕತ್ವವೆಂದೊಡನೆ ವೇದಿಕೆ, ಹಾರ, ಭಾಷಣಗಳೇ ನಮ್ಮ ನೆನಪಿಗೆ ಬರುತ್ತವೆ. ಆದರೆ ಹತ್ತು ಜನರ ಮಾತನ್ನು ಆಲಿಸಿ, ಅವರೆಲ್ಲರನ್ನೂ ಒಂದು ಕಾರ್ಯಕ್ಕೆ ಒಗ್ಗೂಡಿಸಿ, ಅದರ ಫಲಾಫಲಗಳಿಗೆ ತಾನು ಹೊಣೆಯಾಗುವುದೇ ನಿಜವಾದ ನಾಯಕತ್ವ. ದಡದಲ್ಲಿ ಕುಳಿತು ಈಜು ಕಲಿಯಲಾಗದು. ಇದನ್ನೂ ಹಾಗೆಯೇ ಮಾಡಿ ಕಲಿಯಬೇಕು. ಹಳೇಕೋಟೆಯಂತಹ ಊರುಗಳಿಂದ ಹಾಸನ, ಮೈಸೂರುಗಳ ಕಾಲೇಜುಗಳಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಅಂಕಗಳನ್ನು ವಿಚಾರಿಸುವಷ್ಟು ಆಸ್ಥೆಯಿಂದ ಈ ಕಲಿಕೆಯನ್ನು ವಿಚಾರಿಸುವುದು ವಿರಳ.

ಇದಕ್ಕೆ ನಾಟಕವು ಉತ್ತಮ ಸಾಧನವೆಂಬುದನ್ನು ನಮ್ಮ ನಾಡು ಅರಿತಿದೆ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ 'ತಿರುಗಾಟ'ವನ್ನೂ ಆರಂಭಿಸಿತು. ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ 1997ರಲ್ಲಿ 'ಶಿವಸಂಚಾರ'ವನ್ನೂ ಕಟ್ಟಿದರು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ಮೈಸೂರಿನ ರಂಗಾಯಣವು ಕಾಲೇಜು ವಿದ್ಯಾರ್ಥಿಗಳನ್ನೂ ರಂಗಕ್ಕೆ ಕರೆತಂದಿತು.

ನಾಟಕದ ತಾಲೀಮಿನಲ್ಲಿ ನಡೆಯುವುದೇನು? ಒಬ್ಬನು ತಡವಾಗಿ ಬಂದರೆ ಇಡೀ ದೃಶ್ಯವೇ ನಿಲ್ಲುತ್ತದೆ. ಇಂದು ದೊರೆಯ ಪಾತ್ರ ವಹಿಸಿದವನು ನಾಳೆ ಪರದೆ ಎಳೆಯಬೇಕಾಗುತ್ತದೆ. ತನಗೆ ಹಿಡಿಸದವನ ಪಾತ್ರವನ್ನೂ ಒಳಹೊಕ್ಕು ಅವನ ನೋವನ್ನು ಅರಿಯಬೇಕಾಗುತ್ತದೆ. ಅಧಿಕಾರದ ಮದವನ್ನು ಇಳಿಸುವ ಇಂತಹ ಶಿಕ್ಷಣ ತರಗತಿಯಲ್ಲಿ ದೊರೆಯುವುದು ಅಪರೂಪ.

ಬ್ರೆಜಿಲ್ ದೇಶದ ಆಗುಸ್ತೊ ಬೋಅಲ್ (1931–2009) ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅನ್ಯಾಯದ ಪ್ರಸಂಗವೊಂದನ್ನು ಅಭಿನಯಿಸಿ, ನಡುವೆ ನಿಲ್ಲಿಸಿ, ಪ್ರೇಕ್ಷಕನನ್ನೇ ರಂಗಕ್ಕೆ ಕರೆದು, 'ನೀನಾಗಿದ್ದರೆ ಏನು ಮಾಡುತ್ತಿದ್ದೆ, ಮಾಡಿ ತೋರಿಸು' ಎನ್ನುವ ಪದ್ಧತಿ ಅವರದು. ನೋಡುಗನು ಹೊಣೆಗಾರನಾಗುವುದು ಅಲ್ಲಿಯೇ.

ಈಗ ಇದೇ ಕಾರ್ಯಕ್ಕೆ ಹೊಸ ಯಂತ್ರವೊಂದು ಬಂದಿದೆ. ಕಣ್ಣಿಗೆ ಕವಚವನ್ನು ಧರಿಸಿದೊಡನೆ ಕೃತಕ ಲೋಕವೊಂದು ಸುತ್ತಲೂ ತೆರೆದುಕೊಳ್ಳುವ 'ವರ್ಚುಯಲ್ ರಿಯಾಲಿಟಿ' ಅದು. ಬೆಂಕಿ ಬಿದ್ದ ಕಟ್ಟಡದಿಂದ ಜನರನ್ನು ಪಾರುಮಾಡುವ ತೀರ್ಮಾನವನ್ನು ಯಾರ ಪ್ರಾಣಕ್ಕೂ ಅಪಾಯವಿಲ್ಲದೆ ಹತ್ತು ಬಾರಿ ಅಭ್ಯಾಸಮಾಡಲು ಇದರಿಂದ ಸಾಧ್ಯ. ವಿಮಾನಚಾಲಕರು ಕೃತಕ ಚಾಲನಕೋಣೆಯಲ್ಲಿ ಬಹುಕಾಲದಿಂದ ತರಬೇತಿ ಪಡೆಯುತ್ತಿರುವುದೂ ಇದೇ ತತ್ತ್ವದ ಮೇಲೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಆ ಲೋಕದಲ್ಲಿ ಕಾಣುವ ಜನರು ಬಹುಮಟ್ಟಿಗೆ ಯಂತ್ರ ಬರೆದ ಚಿತ್ರಗಳು. ಅವರು ಮುನಿಸಿಕೊಂಡರೂ ಕವಚ ತೆಗೆದೊಡನೆ ಮಾಯವಾಗುತ್ತಾರೆ. ತಾಲೀಮಿನಲ್ಲಿ ಮುನಿದ ಗೆಳೆಯನಾದರೋ ಮರುದಿನವೂ ಎದುರಿಗೇ ನಿಲ್ಲುತ್ತಾನೆ. ಅವನನ್ನು ಸಂತೈಸದೆ ನಾಟಕ ಮುಂದೆ ಸಾಗದು. ಆದ್ದರಿಂದ ಯಂತ್ರವು ತೀರ್ಮಾನದ ಚುರುಕನ್ನು ಕಲಿಸಲಿ. ಜನರೊಡನೆ ಬಾಳುವ ತಾಳ್ಮೆಯನ್ನು ರಂಗವು ಕಲಿಸಲಿ. ಕಾಲೇಜುಗಳು ಇವೆರಡಕ್ಕೂ ಎಡೆಮಾಡಿಕೊಡುವುದು ಉಚಿತ. ಯಂತ್ರ ಕೊಳ್ಳಲು ಹಣ ಬೇಕು. ನಾಟಕಕ್ಕೆ ಊರಿನ ಗುಡಿಯ ಮುಂದಿನ ಅಂಗಳವೇ ಸಾಕು.

ಮಗನೋ ಮಗಳೋ ನಾಟಕಕ್ಕೆ ಸೇರುತ್ತೇನೆಂದಾಗ 'ಓದು ಹಾಳಾಗುತ್ತದೆ' ಎಂದು ತಡೆಯುವ ಮೊದಲು ತಂದೆತಾಯಿಗಳು ಒಮ್ಮೆ ತಾಲೀಮನ್ನು ನೋಡಿಬರಲಿ. ಮುಂದೆ ಮನೆಯನ್ನೋ ಸಂಸ್ಥೆಯನ್ನೋ ನಡೆಸಬೇಕಾದವರು ಅಲ್ಲಿ ಪರರ ಮಾತಿಗೆ ಕಾಯುವುದನ್ನು ಕಲಿಯುತ್ತಿರುತ್ತಾರೆ.